ಗಿಡ ನೆಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ

ಜೂನ್ 5 ಬಂತೆಂದರೆ ನಮ್ಮಂಥ ಊರುಗಳಲ್ಲಿ ಹೆಂಗಸರಿಗೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ವರ್ಷವಿಡೀ ನಳಕ್ಕೆ ನೀರು ಬಂದಿಲ್ಲವೆಂದು ಕೇಳಲು ಹೋದರೆ ಕುರ್ಚಿ ತೋರಿಸದವರು ಅಂದು ಮನೆ ಬಾಗಿಲಿಗೇ ಬಂದು, "ಮಹಿಳಾ ಮಂಡಳದವರು ತಪ್ಪದೇ ಬರಬೇಕ್ರಿ, ಗಿಡ ನಿಮ್ಮ ಕೈಲಿಂದಲೇ ನೆಡಸಬೇಕಂತ ಮಾಡೀವಿ" ಎನ್ನುತ್ತಾರೆ. ನಮ್ಮ ಕೈಗುಣ ಒಳ್ಳೆಯದೆಂಬ ನಂಬಿಕೆಯೋ, ಫೋಟೋದಲ್ಲಿ ಸೀರೆಯ ಬಣ್ಣ ಚೆಂದ ಕಾಣುತ್ತದೆಂಬ ಲೆಕ್ಕಾಚಾರವೋ ನನಗೆ ತಿಳಿಯದು.

ಕಳೆದ ವರ್ಷವೂ ಹೀಗೇ ಆಯಿತು. ಸೇಡಂ ಪಟ್ಟಣದ ಒಂದು ಶಾಲೆಯ ಅಂಗಳ. ಶಾಮಿಯಾನ, ಮೈಕು, ಹಾರ, ಶಾಲು. ಗುಂಡಿಗಳನ್ನು ಮೊದಲೇ ತೋಡಿಸಿ ಇಟ್ಟಿದ್ದರು. ಅವುಗಳಲ್ಲಿ ಕೆಲವನ್ನು ಹಿಂದಿನ ವರ್ಷವೇ ನೋಡಿದ ಗುರುತು ನನಗಿತ್ತು. ಭಾಷಣಕ್ಕೆ ಬಂದ ಸಾಹೇಬರು ಎರಡು ಮಾತು ಹೇಳಿದರು. ಒಬ್ಬ ತಾಯಿ ಒಂದು ಗಿಡ ನೆಟ್ಟರೆ ಆ ಕುಟುಂಬದ ಇಂಗಾಲದ ಲೆಕ್ಕ ಚುಕ್ತಾ ಆದಂತೆ ಎಂಬುದು ಮೊದಲನೆಯದು. ಭೂಮಿ ಬಿಸಿಯಾಗಲು ನಮ್ಮ ತಾಯಂದಿರ ಕಟ್ಟಿಗೆ ಒಲೆಯೂ ಕಾರಣ, ಅದನ್ನು ಬಿಡಬೇಕು ಎಂಬುದು ಎರಡನೆಯದು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿ ಆ ಶಾಲೆಯ ಕಸ ಹೊಡೆಯುವ ಹೆಣ್ಣುಮಗಳು ನಿಂತಿದ್ದಳು, ಚಿಂಚೋಳಿ ಕಡೆಯ ತಾಂಡಾದವಳು. ಕಿವಿಯ ಹತ್ತಿರ ಬಂದು ಕೇಳಿದಳು: "ಅಕ್ಕೋರೆ, ನಮ್ಮ ಒಲಿದು ಹೇಳ್ಲಕತ್ತಾರೇನ್ರಿ? ಮತ್ತ ಅದರದು ಯಾವಾಗ ಹೇಳ್ತಾರ್ರಿ?"

'ಅದು' ಎಂದು ಅವಳು ಗದ್ದ ಎತ್ತಿ ತೋರಿಸಿದ್ದು ಗೋಡೆಯಾಚೆ ಕಾಣುತ್ತಿದ್ದ ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನು.

"ಸುಮ್ಮನಿರವಾ" ಎಂದುಬಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಿದಳು, ಬಾಯಿ ಮುಚ್ಚಿಸುವ ಕೆಲಸವನ್ನು ನಾನು ಮಾಡಿದೆ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮನೆಯ ಅನ್ನವೂ ಈ ಕಲ್ಲಿನದೇ. ನಮ್ಮ ಯಜಮಾನರು 27 ವರ್ಷ ಈ ಸೀಮೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ದುಡಿದವರು. ಮಕ್ಕಳ ಫೀ, ಮಗಳ ಮದುವೆ, ನಾನು ಈಗ ಕೂತು ಬರೆಯುತ್ತಿರುವ ಈ ಮನೆ, ಎಲ್ಲಕ್ಕೂ ಅದೇ ಆಧಾರ. ಕಾರ್ಖಾನೆ ನಿಂತರೆ ಊರು ಹೇಗೆ ಸೊರಗುತ್ತದೆ ಎಂಬುದನ್ನು ಶಹಾಬಾದಿನಲ್ಲೂ ಕುರಕುಂಟಾದಲ್ಲೂ ನೋಡಿದ್ದೇವೆ. ಆದ್ದರಿಂದ ಮುಚ್ಚಿಬಿಡಿ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ನನ್ನ ಜಗಳವೆಲ್ಲ ಲೆಕ್ಕದ ಜೊತೆ. ಸುಳ್ಳು ಲೆಕ್ಕ ಬರೆದು, ಅದರ ಕೆಳಗೆ ನಮ್ಮ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರಲ್ಲ, ಅದರ ಜೊತೆ.

ಇಂಗಾಲವೆಂದರೆ ದೂರದ್ದೇನಲ್ಲ. ಇದ್ದಿಲಿನಲ್ಲಿ ಇರುವುದು, ಜೋಳದ ರೊಟ್ಟಿಯಲ್ಲಿ ಇರುವುದು, ನಮ್ಮ ಮೈಯಲ್ಲಿ ಇರುವುದು ಅದೇ. ಗಾಳಿಯಲ್ಲಿ ಅದು ಇಂಗಾಲದ ಡೈಆಕ್ಸೈಡ್ ಆಗಿ ತಿರುಗುತ್ತದೆ. ಗಿಡ ಅದನ್ನು ಎಳೆದುಕೊಂಡು ಎಲೆ, ಕಾಂಡ, ಕಾಳು ಮಾಡುತ್ತದೆ. ನಾವು ಉಂಡು ಉಸಿರು ಬಿಟ್ಟಾಗ, ಎಲೆ ಕೊಳೆತಾಗ, ಕಟ್ಟಿಗೆ ಉರಿದಾಗ ಮತ್ತೆ ಗಾಳಿಗೆ ಹೋಗುತ್ತದೆ. ಇದು ಸಂತೆಯ ಚಿಲ್ಲರೆ ಇದ್ದಂತೆ, ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಅಡವಿಯ ದೊಡ್ಡ ಮರದಲ್ಲಿ, ಎರೆಮಣ್ಣಿನಲ್ಲಿ, ಕೆರೆಯ ತಳದ ಹೂಳಿನಲ್ಲಿ ಅದು ಕೆಲವು ಕಾಲ ತಂಗುತ್ತದೆ, ಹತ್ತಾರು ವರ್ಷ, ನೂರಾರು ವರ್ಷ. ಅದು ಪೆಟ್ಟಿಗೆಯಲ್ಲಿಟ್ಟ ಉಳಿತಾಯ. ಇನ್ನು ಮೂರನೆಯದೊಂದಿದೆ. ಅದು ಅಜ್ಜ ಮುತ್ತಜ್ಜಂದಿರು ಹೂತಿಟ್ಟ ಬಂಗಾರ. ಕಲ್ಲಿದ್ದಲು, ಎಣ್ಣೆ ಎಂದು ಪಾಠದಲ್ಲಿ ಬರೆಸುತ್ತೇವೆ. ನಮ್ಮ ಕಾಲಡಿಯ ಕಲ್ಲನ್ನು ಮಾತ್ರ ಆ ಪಟ್ಟಿಯಲ್ಲಿ ಬರೆಸುವುದಿಲ್ಲ.

ಮಳಖೇಡ ಎಂದರೆ ಶಾಲೆಯ ಪುಸ್ತಕದಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ. ಕಾಗಿಣಾ ಹೊಳೆಯ ದಂಡೆಯ ಆ ಕೋಟೆಗೆ ನಾನು ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ. ಆದರೆ ಮಳಖೇಡದ ನೆಲದ ಚರಿತ್ರೆಯಲ್ಲಿ ರಾಷ್ಟ್ರಕೂಟರು ನಿನ್ನೆ ಮೊನ್ನೆಯವರು. ಕೋಟಿಗಟ್ಟಲೆ ವರ್ಷಗಳ ಹಿಂದೆ, ನೆಲದ ಮೇಲೆ ಇನ್ನೂ ಒಂದು ಮರ ಹುಟ್ಟದಿದ್ದ ಕಾಲದಲ್ಲಿ, ಇಲ್ಲಿ ಸಮುದ್ರವಿತ್ತು. ಗಾಳಿಯ ಇಂಗಾಲ ಮಳೆನೀರಿನಲ್ಲಿ ಕರಗಿ, ಬಂಡೆಗಳನ್ನು ತಿಂದು, ಹೊಳೆಗಳ ಜೊತೆ ಹರಿದು ಆ ಸಮುದ್ರ ಸೇರಿ, ಸುಣ್ಣದ ಜೊತೆ ಕೂಡಿ ತಳದಲ್ಲಿ ಪದರ ಪದರವಾಗಿ ಕೂತಿತು. ಅದೇ ನಮ್ಮ ಪರ್ಸಿ. ಶಹಾಬಾದ ಕಲ್ಲು ಎಂದು ದೇಶದ ತುಂಬ ಹೆಸರಾದ, ಪುಸ್ತಕದ ಹಾಳೆ ಬಿಡಿಸಿದಂತೆ ಬಿಡಿಸಿಕೊಳ್ಳುವ ಕಲ್ಲು. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ಎಲ್ಲಿ ಅಗೆದರೂ ಅದೇ. ನಾವು ಕಾಲಿಟ್ಟು ನಡೆಯುವ ಬಂಡೆಯೆಂದರೆ ಒಂದು ಕಾಲದ ಗಾಳಿ, ಹೆಪ್ಪುಗಟ್ಟಿದ್ದು.

ಈ ಕಲ್ಲನ್ನು ಪಡಸಾಲೆಗೆ ಹಾಸಿದರೆ ಅದರೊಳಗಿನ ಇಂಗಾಲ ಕೂತಲ್ಲೇ ಕೂತಿರುತ್ತದೆ. ಅದೇ ಕಲ್ಲನ್ನು ಪುಡಿ ಮಾಡಿ ಸಿಮೆಂಟಿನ ಭಟ್ಟಿಗೆ ಹಾಕಿದರೆ? ಸುಮಾರು 900 ಡಿಗ್ರಿ ಬಿಸಿಗೆ ಅದು ಒಡೆಯುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇದು ಹತ್ತನೇ ಇಯತ್ತೆಯ ರಸಾಯನಶಾಸ್ತ್ರ. ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಸಮೀಕರಣ. ಬರೆಯುವಾಗ ಕಿಟಕಿಯಾಚೆ ಚಿಮಣಿ ಕಾಣುತ್ತಿತ್ತು. ಎರಡನ್ನೂ ಒಂದು ದಿನವೂ ಜೋಡಿಸಿ ಹೇಳಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಈ 44 ಕಿಲೋ ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗಿನದೇ. ಭಟ್ಟಿಯನ್ನು ನಾಳೆ ಸೂರ್ಯನ ಶಾಖದಿಂದಲೇ ಕಾಯಿಸಿದರೂ ಅದು ಹೋಗಿಯೇ ಹೋಗುತ್ತದೆ. ಛಾವಣಿಯ ಮೇಲೆ ಸೌರಫಲಕ ಹಾಕಿ, ಗೇಟಿನ ಮುಂದೆ 'ಹಸಿರು ಘಟಕ' ಎಂದು ಬೋರ್ಡು ಬರೆಸಿದವರು ಈ ಮಾತನ್ನು ಬರೆಸುವುದಿಲ್ಲ. ಕಲ್ಲಿದ್ದಲಿನದು ಇದರ ಮೇಲೆ ಬೇರೆ. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ ಎಂದು ಜಗತ್ತಿನ ಲೆಕ್ಕ ಹೇಳುತ್ತದೆ.

ಈಗ ಆ ಸಾಹೇಬರ ಗಿಡಕ್ಕೆ ಬರೋಣ. ಮನೆಯ ಖರ್ಚಿನ ವಹಿ ಬರೆಯುವ ಹೆಂಗಸರಿಗೆ ಇದು ಕಷ್ಟದ ಗಣಿತವಲ್ಲ. 50 ಕಿಲೋ ಸಿಮೆಂಟ್ ಚೀಲವೊಂದಕ್ಕೆ ನಮ್ಮ ದೇಶದಲ್ಲಿ, ಕಲ್ಲಿನದೂ ಬೆಂಕಿಯದೂ ಸೇರಿ, ಸುಮಾರು 30 ಕಿಲೋ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಬರೀ ಇಂಗಾಲ 8 ಕಿಲೋ ಆಯಿತು. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಅಂದಮೇಲೆ ಒಂದು ಚೀಲದ ಲೆಕ್ಕ ಮುಟ್ಟಬೇಕಾದರೆ 16 ಕಿಲೋ ಒಣ ಕಟ್ಟಿಗೆಯಷ್ಟು ಮರ ಹೊಸದಾಗಿ ಬೆಳೆದು ನಿಲ್ಲಬೇಕು. ಬರೀ ನಿಂತರಾಗಲಿಲ್ಲ, ಸಾಯಬಾರದು, ಕಡಿಯಬಾರದು, ಉರಿಯಬಾರದು. ಕಲ್ಲು ಎಷ್ಟು ಕಾಲ ಹಿಡಿದಿಟ್ಟಿತ್ತೋ ಅಷ್ಟು ಕಾಲ ಅದು ಹಿಡಿದಿಡಬೇಕು. ಕೋಟಿ ವರ್ಷದ ಠೇವಣಿಯನ್ನು ಒಡೆದು ಹತ್ತು ವರ್ಷದ ನಿಂಬೆಗಿಡಕ್ಕೆ ಬದಲಿ ಮಾಡಿದೆವು ಎನ್ನುವುದು ಯಾವ ಬ್ಯಾಂಕಿನ ನ್ಯಾಯ?

ನಮ್ಮ ಈ ಮನೆಗೆ 400 ಚೀಲ ಸಿಮೆಂಟ್ ಹಿಡಿಯಿತು. 12 ಟನ್ ಇಂಗಾಲದ ಡೈಆಕ್ಸೈಡ್. ಆರೂವರೆ ಟನ್ ಒಣ ಕಟ್ಟಿಗೆ, ಒಂದು ಲಾರಿ ತುಂಬ. ನನ್ನ ಹಿತ್ತಲಲ್ಲಿ ಇರುವುದು ಒಂದು ಬೇವು, ಒಂದು ನುಗ್ಗೆ, ಒಂದು ಕರಿಬೇವು.

ಇದು ಒಂದು ಮನೆಯದು. ಕಾರ್ಖಾನೆಯ ಲೆಕ್ಕಕ್ಕೆ ಹೋದರೆ ಸಿಮೆಂಟಿಗೆ ಮೊದಲು ಆಗುವ ಕ್ಲಿಂಕರ್ ಒಂದು ಟನ್ನಿಗೆ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಹತ್ತು ಲಕ್ಷ ಟನ್ ಕ್ಲಿಂಕರ್ ಮಾಡಿದರೆ, ದೊಡ್ಡ ಕಾರ್ಖಾನೆಗಳು ಇದಕ್ಕಿಂತ ಬಹಳ ಹೆಚ್ಚು ಮಾಡುತ್ತವೆ, ಸುಮಾರು ಮೂರು ಲಕ್ಷ ಟನ್ ಒಣ ಕಟ್ಟಿಗೆಯಷ್ಟು ಮರ ಬೇಕು. ನಮ್ಮ ಒಣ ಸೀಮೆಯ ಅಡವಿಯಲ್ಲಿ ಹೆಕ್ಟೇರಿಗೆ 60 ಟನ್ ಮರ ಇದೆಯೆಂದು ಉದಾರವಾಗಿಯೇ ಹಿಡಿಯೋಣ. ಚಿಂಚೋಳಿ ವನ್ಯಜೀವಿ ಧಾಮ 134 ಚದರ ಕಿಲೋಮೀಟರ್ ಚಿಲ್ಲರೆ. ಆ ಹತ್ತು ಲಕ್ಷ ಟನ್ನಿನ ಲೆಕ್ಕ ಮುಟ್ಟಿಸಲಿಕ್ಕೆ ಮೂರು ವರ್ಷದೊಳಗೆ ಇನ್ನೊಂದು ಚಿಂಚೋಳಿ ಅಡವಿ ಹೊಸದಾಗಿ ಎದ್ದು ನಿಲ್ಲಬೇಕು. ಮುಂದಿನ ಮೂರು ವರ್ಷಕ್ಕೆ ಮತ್ತೊಂದು. ಅದರ ಮುಂದೆ ಮತ್ತೊಂದು. ಅಷ್ಟು ನೆಲ ಜಿಲ್ಲೆಯಲ್ಲಿ ಎಲ್ಲಿದೆ? ಇದ್ದರೆ ನಮ್ಮ ತೊಗರಿಯನ್ನು ಎಲ್ಲಿ ಬಿತ್ತುವುದು? ಗೇಟಿನ ಮುಂದೆ ಅಶೋಕ ಗಿಡಗಳ ಸಾಲು ನೆಟ್ಟು, ನಮ್ಮ ಕೈಯಿಂದ ಶಾಲೆಯಲ್ಲಿ ನಲವತ್ತು ಸಸಿ ನೆಡಿಸಿ, ಲೆಕ್ಕ ಚುಕ್ತಾ ಎನ್ನುವವರನ್ನು ಸಂತೆಯ ತರಕಾರಿಯವಳು ಕೂಡ ಮುಂದೆ ಹೋಗಗೊಡಲಾರಳು.

ಒಲೆಯ ಮಾತು. ತಾಂಡಾದ ಆ ಹೆಣ್ಣುಮಗಳು ಒಲೆಗೆ ಹಾಕುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು, ಒಣಗಿ ಬಿದ್ದ ಟೊಂಗೆ. ಆ ತೊಗರಿ ಹೋದ ಮಳೆಗಾಲದಲ್ಲಿ ಗಾಳಿಯಿಂದ ಎಳೆದುಕೊಂಡ ಇಂಗಾಲವನ್ನೇ ಈ ಬೇಸಿಗೆಯಲ್ಲಿ ಅವಳ ಒಲೆ ವಾಪಸು ಕೊಡುತ್ತದೆ. ಬರುವ ಮಳೆಗಾಲದಲ್ಲಿ ಹೊಸ ತೊಗರಿ ಮತ್ತೆ ಎಳೆದುಕೊಳ್ಳುತ್ತದೆ. ಚಿಲ್ಲರೆ ಕೈಬದಲಾಯಿತು, ಅಷ್ಟೆ. ಹಸಿ ಮರ ಕಡಿದು ಬೋಳು ಮಾಡಿದರೆ ಮಾತು ಬೇರೆ. ಹೊಗೆ ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಅತ್ತೆಯವರು ಕೊನೆಯ ಹತ್ತು ವರ್ಷ ಕೆಮ್ಮಿಯೇ ಹೋದರು. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದ್ದರಿಂದ 2016ರಲ್ಲಿ ಉಜ್ವಲಾ ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು, ಸಿಲಿಂಡರ್ ತುಂಬಿಸುವ ಹಣವೂ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೆ ಅವಳ ಎದೆಗೂಡಿನ ಸಲುವಾಗಿ ಒಲೆ ಬಿಡು ಎನ್ನಿ. ಭೂಮಿ ಬಿಸಿಯಾದ ಅಪರಾಧವನ್ನು ಅವಳ ತಲೆಗೆ ಕಟ್ಟಬೇಡಿ.

ಈ ಚಾಳಿ ಹಳೆಯದು. 1991ರಲ್ಲಿ ದೆಹಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಒಂದು ಸಣ್ಣ ಪುಸ್ತಕ ಬರೆದು ಇದೇ ಜಗಳವನ್ನು ಜಗತ್ತಿನ ಮುಂದೆ ಇಟ್ಟರು. ಬದುಕಲಿಕ್ಕೆ ಬೇಕಾದ ಹೊಗೆಯನ್ನೂ ಭೋಗಕ್ಕೆ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ ಎಂದು ಕೇಳಿದರು. ಅದೇ ಕಾಲಕ್ಕೆ ಅಮೆರಿಕದ ಕಡೆಯ ಅಂದಾಜೊಂದು ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 380 ಲಕ್ಷ ಟನ್ ಮೀಥೇನ್ ಬಿಡುತ್ತವೆ ಎಂದಿತ್ತು. ನಮ್ಮವರೇ, ಡಾ. ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ, ಗದ್ದೆಗಿಳಿದು ಅಳೆದಾಗ ಅದು ಸುಮಾರು 40 ಲಕ್ಷ ಟನ್ ಮಾತ್ರ. ದೂರ ಕೂತು ಬಡವರ ಗದ್ದೆ ಅಳೆದರೆ ಹೀಗಾಗುತ್ತದೆ. ಅಂದು ಅಮೆರಿಕದವರು ನಮಗೆ ಮಾಡಿದ್ದನ್ನು ಇಂದು ನಮ್ಮ ವೇದಿಕೆಯವರು ತಾಂಡಾದವರಿಗೆ ಮಾಡುತ್ತಿದ್ದಾರೆ.

ಹಾಗಾದರೆ ಗಿಡ, ಕೆರೆ, ಮಣ್ಣಿನಿಂದ ಏನೂ ಆಗುವುದಿಲ್ಲವೇ? ಬಹಳ ಆಗುತ್ತದೆ. ಹೊಸ ಸಸಿಗಿಂತ ಈಗಾಗಲೇ ಕೂಡಿಟ್ಟ ಕಣಜ ದೊಡ್ಡದು, ಅದನ್ನು ಸೋರಗೊಡಬಾರದು. ನನ್ನ ಸಿಟ್ಟೂ ಅದರ ಮೇಲೆಯೇ. ಸಸಿಗೆ ಶಾಮಿಯಾನ ಹಾಕುವವರು ಕಣಜಕ್ಕೆ ತೂತು ಬಿದ್ದದ್ದನ್ನು ನೋಡುವುದಿಲ್ಲ.

ಮಣ್ಣನ್ನೇ ತೆಗೆದುಕೊಳ್ಳಿ. ಜಗತ್ತಿನ ನೆಲದ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಹುಳುಗಳಿಂದಾದ ಇಂಗಾಲ ಸುಮಾರು 1,50,000 ಕೋಟಿ ಟನ್ ಇದೆ. ಗಾಳಿಯಲ್ಲಿರುವುದನ್ನೂ ಎಲ್ಲ ಗಿಡಮರಗಳಲ್ಲಿರುವುದನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ. ನಮ್ಮ ಎರೆನೆಲ ಹಿಡಿತದ ಮಣ್ಣು. ಅದರ ಜೇಡಿ ಇಂಗಾಲವನ್ನು ಗಟ್ಟಿಯಾಗಿ ಹಿಡಿಯಬಲ್ಲದು. ಆದರೆ ಹಿಡಿಯಲಿಕ್ಕೆ ನಾವು ಕೊಡಬೇಕಲ್ಲ? ನಮ್ಮ ಅಮ್ಮನ ಕಾಲದಲ್ಲಿ ಬೇಸಿಗೆಯಲ್ಲಿ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೊಡೆಯುತ್ತಿದ್ದರು, ಕೆರೆ ಬತ್ತಿದಾಗ ಗೋಡು ಮಣ್ಣು ಹೊಡೆಯುತ್ತಿದ್ದರು. ಈಗ ದನಗಳೇ ಕಡಿಮೆ, ಇದ್ದ ಸೆಗಣಿ ಕುಳ್ಳಾಗಿ ಒಲೆ ಸೇರುತ್ತದೆ. ಇಲ್ಲಿ ನನ್ನ ವಾದಕ್ಕೇ ನಾನು ಅಡ್ಡ ಬರಬೇಕಾಗಿದೆ. ಕುಳ್ಳು ಉರಿದದ್ದು ಗಾಳಿಗೆ ದೊಡ್ಡ ಭಾರವಲ್ಲ, ಹೊಲಕ್ಕೆ ಮಾತ್ರ ನಷ್ಟ. ಗ್ಯಾಸು ಅಗ್ಗವಾದರೆ ಹೆಂಗಸಿನ ಎದೆಯೂ ಹೊಲದ ಮಣ್ಣೂ ಎರಡೂ ಉಳಿಯುತ್ತಿದ್ದವು.

ಗಣಿಯ ಹತ್ತಿರ ಹೋಗಿ ನೋಡಿ. ಕಲ್ಲು ತೆಗೆಯುವ ಮೊದಲು ಮೇಲಿನ ಎರೆಮಣ್ಣನ್ನು ಬಳಿದು ಗುಡ್ಡ ಹಾಕುತ್ತಾರೆ. ಸಾವಿರಾರು ವರ್ಷ ಬೇರುಗಳು, ಎರೆಹುಳುಗಳು ಕಟ್ಟಿದ ಮಣ್ಣು ಬಿಸಿಲಿಗೆ ಬಿದ್ದು ಒಣಗಿ, ಮಳೆಗೆ ಕೊರೆದು ಹೋಗುತ್ತದೆ. ಅದರೊಳಗಿನ ಇಂಗಾಲವೂ ಹೋಗುತ್ತದೆ. ಎಷ್ಟು ಸಸಿ ನೆಟ್ಟೆವೆಂದು ಬೋರ್ಡು ಹಾಕುವಲ್ಲಿ ಎಷ್ಟು ಮಣ್ಣು ಬಳಿದೆವೆಂದು ಯಾರೂ ಬೋರ್ಡು ಹಾಕಿದ್ದನ್ನು ನಾನು ಕಂಡಿಲ್ಲ.

ಕೆರೆಯ ಕಥೆ ಇನ್ನೂ ಸೋಜಿಗದ್ದು. ಹಳ್ಳದ ನೀರು ಎಲೆ, ಸೆಗಣಿ, ಮಣ್ಣನ್ನು ಹೊತ್ತು ತಂದು ಕೆರೆಯಲ್ಲಿ ನಿಂತಾಗ ಅದೆಲ್ಲ ತಳಕ್ಕೆ ಇಳಿಯುತ್ತದೆ. ಅಲ್ಲಿ ಗಾಳಿ ಕಡಿಮೆ, ಕೊಳೆಯುವುದು ನಿಧಾನ. ಹೀಗೆ ಇಂಗಾಲ ಹೂಳಿನಲ್ಲಿ ಹೂತುಕೊಳ್ಳುತ್ತದೆ. ಕೆರೆಯ ಅಂಚಿನ ಜೊಂಡು, ಹುಲ್ಲು, ತೇವದ ನೆಲ ಸೇರಿ ಇಡೀ ಕೆರೆಯೇ ಒಂದು ಉಗ್ರಾಣ. ಜಗತ್ತಿನಲ್ಲಿ ಕೊಳೆತ ಗಿಡಗಳೇ ಪದರಗಟ್ಟಿದ ಜೌಗು ನೆಲಗಳು ಒಟ್ಟು ನೆಲದ ನೂರಕ್ಕೆ ಮೂರು ಪಾಲು ಮಾತ್ರ ಇದ್ದರೂ ಎಲ್ಲ ಅಡವಿಗಳ ಮರಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿವೆ. ನಮ್ಮ ಸೀಮೆಯಲ್ಲಿ ಅಂಥ ಜೌಗು ಇಲ್ಲ, ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಂಥದೂ ಇಲ್ಲ. ನಮಗಿರುವುದು ಕೆರೆ. ಆದರೆ ಕಾನೂನು ಅದನ್ನು ಏನೆನ್ನುತ್ತದೆ ಗೊತ್ತೇ? ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ನಿಯಮದಲ್ಲಿ ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಕೆರೆಗಳನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಬಯಲುಸೀಮೆಯಲ್ಲಿ ಕಟ್ಟದೇ ಆದ ಕೆರೆ ಯಾವುದಿದೆ? ಅಜ್ಜಂದಿರು ಬೆವರು ಸುರಿಸಿ ಕಟ್ಟಿದ್ದೇ ತಪ್ಪಾಯಿತು ಎಂದ ಹಾಗಾಯಿತು. ಜಗತ್ತಿನ ಮಹತ್ವದ ಜೌಗು ತಾಣಗಳೆಂಬ ರಾಮ್‌ಸಾರ್ ಪಟ್ಟಿಗೆ ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಸೇರಿದವು. ಅಂಕಸಮುದ್ರವೂ ಮಾಗಡಿಯೂ ಮನುಷ್ಯರೇ ಕಟ್ಟಿದ ಕೆರೆಗಳು! ಹಕ್ಕಿಗಳು ನಿಯಮಾವಳಿ ಓದಿರಲಿಲ್ಲ, ಆದ್ದರಿಂದ ಬಂದು ಕೂತವು, ಕೆರೆಗೆ ಮಾನ ಬಂತು. ಹಕ್ಕಿಗಳ ಶಿಫಾರಸು ಇಲ್ಲದ ನಮ್ಮ ಊರ ಕೆರೆಗಳ ಗತಿ?

ಕೆರೆಗೆ ಗಟಾರದ ನೀರು ಬಿಟ್ಟರೆ ಉಗ್ರಾಣವೇ ವಿಷದ ಹಂಡೆಯಾಗುತ್ತದೆ. ಹೊಲಸು ಕೊಳೆತು ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೇಳೆಂಟು ಪಟ್ಟು ಬಿಸಿ ಮಾಡುವಂಥದು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಬಿದ್ದದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ನೀರಿಗೆ ಬೆಂಕಿ ಬೀಳುತ್ತದೆಂದು ನಮ್ಮ ಅಜ್ಜಿಗೆ ಹೇಳಿದ್ದರೆ ಕಲಿಗಾಲ ಎನ್ನುತ್ತಿದ್ದಳು. ಆ ದಾರಿಯಲ್ಲಿ ಹೋಗಲಿಕ್ಕೆ ತಾಲ್ಲೂಕು ಊರುಗಳಿಗೂ ಬಹಳ ದಿನ ಬೇಡ. ಗಟಾರ ಕೆರೆಗೆ ತಿರುಗಿದರೆ ಸಾಕು.

ಇನ್ನು ಕೆಲವರು ನೀರು ತುಂಬಿದ ಗಣಿಗುಂಡಿಯನ್ನು ತೋರಿಸಿ, ನೋಡಿ ನಾವು ಹೊಸ ಕೆರೆ ಮಾಡಿಕೊಟ್ಟಿದ್ದೇವೆ ಎನ್ನುತ್ತಾರೆ. ನೀಲಿ ನೀರು, ಚೆಂದ ಕಾಣುತ್ತದೆ. ಆದರೆ ಗೋಡೆ ಕತ್ತರಿಸಿದಂತಿರುವ ಆ ಗುಂಡಿಗೆ ಇಳಿಜಾರಿನ ದಂಡೆಯಿಲ್ಲ, ದಂಡೆಯಿಲ್ಲದ ಮೇಲೆ ಜೊಂಡಿಲ್ಲ, ಜೊಂಡಿಲ್ಲದ ಮೇಲೆ ಮೀನು ಮೊಟ್ಟೆಯಿಡುವ ಜಾಗವಿಲ್ಲ, ಹಕ್ಕಿಯಿಲ್ಲ. ದನ ಇಳಿದು ನೀರು ಕುಡಿಯಲಾರದು. ಅದು ಬಾವಿ ಕೂಡ ಅಲ್ಲ. ಅದಕ್ಕೆ ಕೆರೆ ಎಂಬ ಹೆಸರು ಕೊಡಬೇಡಿ.

ಚಿಂಚೋಳಿಗೆ ಒಮ್ಮೆ ಹೋಗಿ ಬನ್ನಿ ಎಂದು ನಾನು ನಮ್ಮ ಮಂಡಳದವರಿಗೆ ಹೇಳಿ ಹೇಳಿ ಸಾಕಾಗಿದೆ. ನಮ್ಮವರಿಗೆ ಅಡವಿ ಎಂದರೆ ಆಗುಂಬೆ, ದಾಂಡೇಲಿ. ನಮ್ಮ ಜಿಲ್ಲೆಯಲ್ಲಿ ಅಡವಿ ಎಂದು ಉಳಿದದ್ದರಲ್ಲಿ ಬಹುಪಾಲು ಈ ಕುಂಚಾವರಂ ಸೀಮೆಯಲ್ಲಿದೆ. 2011ರಲ್ಲಿ ಅದನ್ನು ವನ್ಯಜೀವಿ ಧಾಮ ಮಾಡಿದರು. ನಡುವೆ ಚಂದ್ರಂಪಳ್ಳಿ ಕೆರೆ ಇದೆ, ಸುತ್ತ ತಾಂಡಾಗಳಿವೆ. ಏಪ್ರಿಲ್‌ನಲ್ಲಿ ಹೋದರೆ ಎಲೆಯಿಲ್ಲದ ಬೋಳು ಕೊಂಬೆಗಳು. ಇದೇನು ಕಾಡು ಎಂದು ನಗುತ್ತಾರೆ. ಅದು ಸತ್ತಿಲ್ಲ ಅಮ್ಮ, ಉಪವಾಸ ಮಾಡುತ್ತಿದೆ. ನೀರಿಲ್ಲದ ನಾಡಿನಲ್ಲಿ ಬದುಕುವ ಜಾಣತನ ಅದು. ಅದರ ಇಂಗಾಲದಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಬೇರಿನಲ್ಲಿ, ಮಣ್ಣಿನಲ್ಲಿದೆ. ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದು ಬೆಂಕಿ ಹತ್ತಿದರೆ ನಾವು ಸಾವಿರ ಶಾಲೆಯಲ್ಲಿ ನೆಟ್ಟ ಸಸಿಗಿಂತ ಹೆಚ್ಚು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಬೆಂಕಿ ಕಾಯುವವನಿಗೆ ಯಾರಾದರೂ ಶಾಲು ಹೊದಿಸಿದ್ದುಂಟೇ?

ಕುರುಚಲು ಅಡವಿಗೂ ಹುಲ್ಲುಗಾವಲಿಗೂ ಸರ್ಕಾರದ ಕಾಗದದಲ್ಲಿ 'ಬಂಜರು' ಎಂಬ ಹೆಸರು. ಅದೇ ದೆಹ್ರಾಡೂನಿನ ಅರಣ್ಯ ಸಮೀಕ್ಷಾ ಸಂಸ್ಥೆಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ ನೂರಕ್ಕೆ ಹತ್ತು ಪಾಲು ಮರದ ನೆರಳಿದ್ದರೆ ಸಾಕು, ಮಾವಿನ ತೋಟವಿರಲಿ ನೀಲಗಿರಿ ತೋಪಿರಲಿ, 'ಅರಣ್ಯ ಹೊದಿಕೆ'. ಆದ್ದರಿಂದಲೇ ಅಡವಿ ಹೆಚ್ಚಾಯಿತು ಎಂದು ಎರಡು ವರ್ಷಕ್ಕೊಮ್ಮೆ ಓದುತ್ತೇವೆ. ಹಳೆಯ ಅಡವಿ ಕಡಿದು ಬೇರೆಲ್ಲೋ ಸಸಿ ನೆಟ್ಟು ಸರಿದೂಗಿಸುವ ಕಾನೂನೂ 2016ರಲ್ಲಿ ಬಂತು. ಅಜ್ಜಿಯನ್ನು ಹೊರಗೆ ಹಾಕಿ, ಚಿಂತೆ ಬೇಡ, ಕೂಸು ತಂದಿದ್ದೇವೆ ಎಂದಂತೆ.

ಇಷ್ಟೆಲ್ಲ ಊರವರನ್ನು ಬೈದು ನಮ್ಮನ್ನು ಬಿಟ್ಟರೆ ಹೇಗೆ? ಸಿಮೆಂಟ್ ಕೊಂಡವರು ಯಾರು? ನಮ್ಮ ಅತ್ತೆಯ ಮನೆ ಮಣ್ಣು ಕಲ್ಲಿನ ಗೋಡೆ, ಮೇಲೆ ಪರ್ಸಿ ಹಾಸು. ಬೇಸಿಗೆಯಲ್ಲಿ ಮಧ್ಯಾಹ್ನ ನೆಲಕ್ಕೆ ಬೆನ್ನು ಕೊಟ್ಟರೆ ನಿದ್ದೆ ಬರುತ್ತಿತ್ತು. ಅದನ್ನು ಕೆಡವಿ ಆರ್‌ಸಿಸಿ ಮಾಡೋಣ ಎಂದು ಹಟ ಹಿಡಿದವಳು ನಾನೇ. ಓರಗಿತ್ತಿ ಕಟ್ಟಿಸಿದ್ದಳು, ನಾನು ಹಿಂದೆ ಬೀಳಬಾರದಲ್ಲ! ಈಗ ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಸ್ಲ್ಯಾಬು ಒಲೆಯಂತೆ ಕಾಯುತ್ತಿರುತ್ತದೆ. ಪಕ್ಕದ ಶಹಾಬಾದಿನ ಕಲ್ಲು ಬಿಟ್ಟು ಗುಜರಾತಿನ ಭಟ್ಟಿಯಲ್ಲಿ ಸುಟ್ಟ ಹೊಳೆಯುವ ಟೈಲ್ಸ್ ತಂದು ಹಾಕಿದೆವು. ಒದ್ದೆ ಕಾಲಿಟ್ಟು ನಾನೇ ಎರಡು ಸಲ ಜಾರಿ ಬಿದ್ದಿದ್ದೇನೆ.

ಸುಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಸುಣ್ಣ ಸುಡುವಾಗಲೂ ಕಲ್ಲಿನ ಇಂಗಾಲ ಗಾಳಿಗೆ ಹೋಗುತ್ತದೆ, ಆದರೆ ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಅದನ್ನು ವಾಪಸು ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದ ನಮ್ಮ ಅವ್ವಂದಿರು ತಿಳಿಯದೆಯೇ ಸಾಲ ತೀರಿಸುತ್ತಿದ್ದರು. ಸುಟ್ಟ ಕಟ್ಟಿಗೆಯದು ಬೇರೆ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು, ಗಚ್ಚಿನಲ್ಲಿ ಕಟ್ಟಿದ್ದು, ಇಂದಿಗೂ ನಿಂತಿದೆ. ಕಾಂಕ್ರೀಟೂ ಹೀಗೆ ಸ್ವಲ್ಪ ವಾಪಸು ಎಳೆದುಕೊಳ್ಳುತ್ತದೆ ನಿಜ, ಆದರೆ ಹತ್ತಾರು ವರ್ಷ ಹಿಡಿದು, ಅದೂ ಒಂದು ಪಾಲು ಮಾತ್ರ. ಎಲ್ಲರೂ ಗಚ್ಚಿನ ಮನೆ ಕಟ್ಟಿ ಎನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ನೆಲಕ್ಕೆ ಪರ್ಸಿ ಹಾಕಲಿಕ್ಕೆ, ಕಂಪೌಂಡಿಗೆ ಕಲ್ಲು ಜೋಡಿಸಲಿಕ್ಕೆ, ಬೂದಿ ಬೆರೆಸಿದ ಸಿಮೆಂಟ್ ಕೇಳಿ ಕೊಳ್ಳಲಿಕ್ಕೆ, ಇಡೀ ಅಂಗಳಕ್ಕೆ ಕಾಂಕ್ರೀಟ್ ಬಳಿದು ಒಂದು ಹನಿ ನೀರೂ ಇಂಗದಂತೆ ಮಾಡದಿರಲಿಕ್ಕೆ ಯಾರ ಅಪ್ಪಣೆಯೂ ಬೇಡ.

ನಮ್ಮ ಮಂಡಳದಿಂದ ಒಂದು ಅರ್ಜಿ ಕೊಟ್ಟೆವು. ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ, ಬಳಿದ ಎರೆಮಣ್ಣು ಎಲ್ಲಿದೆ, ಊರ ಕೆರೆಗೆ ಗಟಾರ ಬಾರದಂತೆ ಯಾರು ಏನು ಮಾಡಿದ್ದಾರೆ, ಇಷ್ಟೇ ಕೇಳಿದ್ದು. ಉತ್ತರ ಬರಲಿಲ್ಲ. ಈ ವರ್ಷ ಮೇ ಕೊನೆಗೆ ಕರೆಯಲಿಕ್ಕೆ ಮಾತ್ರ ಬಂದರು. "ಬರ್ತೀನ್ರಿ, ಆದ್ರ ಹೊಸಾ ಗಿಡ ನೆಡಂಗಿಲ್ಲ. ಹೋದ ವರ್ಷದ್ದು ಎಣಿಸಿ ಮೈಕಿನ್ಯಾಗ ಹೇಳ್ತೀನಿ" ಎಂದೆ. ಚಹಾ ಕುಡಿದು, ನೋಡೋಣ್ರಿ ಅಕ್ಕೋರೆ ಎಂದು ಹೋದವರು ತಿರುಗಿ ಬರಲಿಲ್ಲ.

ಮರುದಿನ ನಾನೇ ಆ ಶಾಲೆಗೆ ಹೋದೆ. ತಾಂಡಾದ ಹೆಣ್ಣುಮಗಳು ಪೊರಕೆ ಬದಿಗಿಟ್ಟು ನನ್ನ ಜೊತೆ ಅಂಗಳ ಸುತ್ತಿದಳು. ನಲವತ್ತರಲ್ಲಿ ಆರು ಉಳಿದಿದ್ದವು: ನಾಲ್ಕು ಬೇವು, ಎರಡು ಹೊಂಗೆ. "ಇವು ಹ್ಯಾಂಗ ಉಳದ್ವವಾ?" ಎಂದು ಕೇಳಿದೆ. "ಅಡಗಿ ಮನಿ ಭಾಂಡಿ ತೊಳದ ನೀರು ಇತ್ತ ಹಾಕ್ತೀನ್ರಿ. ಆ ಕಡಿ ತನಕ ಕೊಡ ಹೊತ್ತು ಹೋಗದಾಗಂಗಿಲ್ರಿ, ಸೊಂಟ ನೋಯ್ತದ" ಎಂದಳು.